ಬಾಗಿಲಿಗೆ ಅಂಟಿಸಿದ ಸರ್ಕಾರಿ ಕಾಗದ

ಕ್ವುನ್ ಟಾಂಗ್, ಹಾಂಗ್‌ಕಾಂಗ್
20 ಫೆಬ್ರವರಿ 1974

ತಮ್ಮ ಕಿಂಗ್‌ಲಾಮನಿಗೆ,

ನಿನ್ನ ಪತ್ರ ಬಂತು. ಇಂಗ್ಲಿಷಿನ ಜೊತೆ ಚೀನೀ ಭಾಷೆಯೂ ಸರ್ಕಾರದ ಭಾಷೆಯಾಯಿತು, ನಿನ್ನನ್ನು ಅನುವಾದದ ಕೆಲಸಕ್ಕೆ ಹಾಕಿದ್ದಾರೆ, ಭಾನುವಾರ ಅಮ್ಮನಿಗೆ ಸಿಹಿ ತರುತ್ತೀಯಂತೆ. ನಾನು ಸಂತೋಷಪಡಬೇಕಂತೆ! ನೂರಾ ಮೂವತ್ತು ವರ್ಷ ನಮ್ಮ ಊರಲ್ಲೇ ನಮ್ಮನ್ನು ಮೂಕರನ್ನಾಗಿಸಿದವರು ಈಗ ಅರ್ಧ ಬಾಗಿಲು ತೆರೆದಿದ್ದಾರೆ. ದೊಡ್ಡ ಕೋರ್ಟಿನಲ್ಲಿ ಇವತ್ತಿಗೂ ಇಂಗ್ಲಿಷೇ. ಈ ಅರ್ಧವನ್ನೂ ನಮ್ಮ ಭಾಷೆಗಾಗಿ ಬೀದಿಯಲ್ಲಿ ಸಹಿ ಸಂಗ್ರಹಿಸಿದವರು ಕಿತ್ತುಕೊಂಡದ್ದು. ಆಗ ನೀನು, "ಅಕ್ಕಾ, ನನ್ ಕೆಲ್ಸಕ್ಕೆ ಕಲ್ಲು ಹಾಕ್ಬೇಡ" ಎಂದು ಸಹಿ ಹಾಕದೆ ಹೋದವನು.

1962ರ ಹೊಸವರ್ಷ ನೆನಪಿದೆಯೇ? ಡೈಮಂಡ್ ಹಿಲ್‌ನ ನಮ್ಮ ತಗಡಿನ ಗುಡಿಸಲಿಗೆ ಕಿರೀಟದ ಮುದ್ರೆಯ ಕಾಗದ ಬಂದಿತ್ತು, ಪೂರ್ತಿ ಇಂಗ್ಲಿಷ್. ಇಂಗ್ಲಿಷ್ ಶಾಲೆಯ ಹಾಸ್ಟೆಲಿನಿಂದ ಹಬ್ಬದ ಊಟಕ್ಕೆ ಬಂದ ನಿನಗೆ ಅಮ್ಮ ಅದನ್ನು ಎರಡೂ ಕೈಯಲ್ಲಿ ಕೊಟ್ಟಳು. ನೀನು ಕಣ್ಣಾಡಿಸಿ, "ಹಬ್ಬಕ್ಕೆ ಸರ್ಕಾರದವರ ಶುಭಾಶಯ, ಅಮ್ಮಾ" ಎಂದೆ. ಅರ್ಥವಾಗಲಿಲ್ಲ ಎನ್ನಲು ನಿನಗೆ ನಾಚಿಕೆ!

"ನೋಡ್ರೇ, ರಾಣಿ ಕಾಗ್ದ ಬರ್ದಿದಾಳೆ! ನನ್ ಮಗ ಗಟಗಟ ಓದ್ಬಿಟ್ಟ" ಎಂದು ಅಮ್ಮ ಕೇರಿಯನ್ನೆಲ್ಲ ಕರೆದಳು. ಪಕ್ಕದ ಗುಡಿಸಲಿನ ಹೋ ಅತ್ತೆ, "ರಾಣಿಗೆ ನಿಮ್ಮನೆ ವಿಳಾಸ ಯಾರ್ ಕೊಟ್ರೇ?" ಎಂದು ಕುಟುಕಿದಳು. ಅಮ್ಮ ಅದನ್ನು ಹೊಸವರ್ಷದ ಶುಭಕ್ಕೆಂದು ಬಾಗಿಲಿಗೆ ಹಚ್ಚಿದ ಕೆಂಪು ಹಾಳೆಗಳ ನಡುವೆ ಅಂಟಿಸಿ ಊದುಬತ್ತಿ ಹಚ್ಚಿದಳು.

ಹೊಸ ರಸ್ತೆಗೆ ಅಡ್ಡವಿದ್ದ ನಮ್ಮದೊಂದೇ ಗುಡಿಸಲನ್ನು ಕೆಡವುವ ನೋಟಿಸು ಅದು. ಹದಿನಾಲ್ಕು ದಿನದಲ್ಲಿ ಹೆಸರು ಬರೆಸಿದರೆ ಸರ್ಕಾರದ ಕೋಣೆ ಸಿಗುತ್ತಿತ್ತು. ಹದಿನೈದನೆಯ ದಿನ ಆಳುಗಳು ಬಂದಾಗ ಅಮ್ಮ ಅದೇ ಕಾಗದ ತೋರಿಸಿ ಅಡ್ಡ ನಿಂತಳು. ಅವರು ನಕ್ಕರು. ಮುಂದಿನ ನಾಲ್ಕು ವರ್ಷ ಅಮ್ಮ ನಾನು ಇಬ್ಬರೂ ಯಾರದೋ ಕಟ್ಟಡದ ಮೆಟ್ಟಿಲ ಕೆಳಗೆ ಮಲಗಿದೆವು. ಆಳುಗಳು ರಾಣಿಯ ಮಾತು ಮೀರಿದರೆಂದೇ ಅಮ್ಮ ಇನ್ನೂ ನಂಬಿದ್ದಾಳೆ. ದಿನವೂ ಪತ್ರಿಕೆ ಓದುವ ಹೆಂಗಸು ಅವಳು. ನಮ್ಮ ಭಾಷೆಯಲ್ಲಿ ಬರೆದಿದ್ದರೆ ಯಾರ ಹಂಗೂ ಬೇಕಿರಲಿಲ್ಲ.

ಸಿಹಿ ಬೇಡ. ಆ ಕಾಗದ ಬಿಸ್ಕತ್ ಡಬ್ಬಿಯಲ್ಲಿದೆ. ಭಾನುವಾರ ಬಂದು ಅದನ್ನು ಚೀನೀಯಲ್ಲಿ ಬರೆದು ಅವಳ ಕೈಗೆ ಕೊಡು, ತಾರೀಕು ಸಮೇತ. ಅದು ನಿನ್ನ ಮೊದಲ ಅನುವಾದ. ಆಗದಿದ್ದರೆ ನಮ್ಮ ಮನೆಯ ಮೆಟ್ಟಿಲು ಹತ್ತಬೇಡ.

ನಿನ್ನ ಅಕ್ಕ,
ಯುಕ್‌ಮುಯಿ

ತಾ.ಕ. ಇದನ್ನು ಬರೆಯಲು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ: ಆ ಹಬ್ಬಕ್ಕೆ ನೀನು ಬರುವ ಹಿಂದಿನ ದಿನವೇ ಸಂತೆಬೀದಿಯ ಪತ್ರ ಬರೆಯುವ ಮುದುಕನಿಂದ ಆ ಕಾಗದ ಓದಿಸಿಕೊಂಡು ಬಂದಿದ್ದೆ. ನಿನ್ನ ಇಂಗ್ಲಿಷಿಗಾಗಿ ನನ್ನ ಶಾಲೆ ಬಿಡಿಸಿದ್ದರಲ್ಲ, ನಿನಗೆಷ್ಟು ಬರುತ್ತದೆ ನೋಡಬೇಕಿತ್ತು. ಅಮ್ಮ ನಿನ್ನನ್ನು ನೋಡಿದ ರೀತಿ ಕಂಡು ಬಾಯಿ ಬಿಡಲಾಗಲಿಲ್ಲ. ಹದಿನಾಲ್ಕು ದಿನವೂ ಬಿಡಲಿಲ್ಲ. ಈ ಪತ್ರವನ್ನೂ ಅವಳ ಕೈಗೇ ಕೊಡು. ಓದಿಕೊಳ್ಳುತ್ತಾಳೆ, ಇದು ನಮ್ಮ ಭಾಷೆಯಲ್ಲೇ ಇದೆ.