ಮಣ್ಣಲ್ಲಿ ಹೂತ ಬೆರಳು

ಒಪೆಲೂಸಾಸ್, ಲೂಸಿಯಾನ
ಜನವರಿ 14, ಭಾನುವಾರ

ಪ್ರೀತಿಯ ಆಲ್ಸೀಡ್ ಅಣ್ಣಾ,

ಹೇಗಿದ್ದೀಯ? ಸಮುದ್ರದ ನಡುವಿನ ಆ ತೈಲಬಾವಿಯ ಅಡುಗೆಮನೆಯಲ್ಲಿ ನಿಂತೂ ನಿಂತೂ ಮೊಣಕಾಲು ಮತ್ತೆ ಊದಿಕೊಂಡಿದೆಯೇ? ಅಕ್ಷರ ಬೇರೆ ಕಂಡಿತೆಂದು ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ಕ್ಲೋಡೆಟ್ ಬರೆಯುತ್ತಿದ್ದಾಳೆ. ಹೆಂಡತಿಯೆಂಬ ಅಧಿಕಾರದಿಂದ ಅಲ್ಲಲ್ಲಿ ತಿದ್ದುತ್ತಲೂ ಇದ್ದಾಳೆ. ಅಮ್ಮ ಆರೋಗ್ಯವಾಗಿದ್ದಾಳೆ. ಇವತ್ತು ಗಂಬೋ ಸಾರು ಮಾಡಿದ್ದಳು. ನಿನ್ನ ಕೈರುಚಿಗಿಂತ ಚೆನ್ನಾಗಿದೆ ಎಂದು ನನ್ನ ಬಾಯಲ್ಲಿ ಹೇಳಿಸಿದ ಮೇಲೆಯೇ ಬಟ್ಟಲು ಕೊಟ್ಟಳು.

ಕಳೆದ ಭಾನುವಾರದ ಫುಟ್‌ಬಾಲ್ ಪಂದ್ಯದಲ್ಲಿ ನಾವು ಸೋತದ್ದನ್ನು ಟಿ.ವಿ.ಯಲ್ಲಿ ನೋಡಿರುತ್ತೀಯ. ಟಿ.ವಿ.ಯಲ್ಲಿ ಕಾಣದ್ದನ್ನು ಹೇಳುತ್ತೇನೆ. ನವೆಂಬರಿನಲ್ಲಿ ಕತ್ತಿಗೆ ಪೆಟ್ಟು ಬಿದ್ದಾಗಿನಿಂದ, ಯಾರಿಗಾದರೂ ಜೋರಾಗಿ ಡಿಕ್ಕಿ ಹೊಡೆದರೆ ನನ್ನ ಎಡಗೈಗೆ ಕರೆಂಟು ಹೊಡೆದಂತಾಗಿ ಸತ್ತುಬೀಳುತ್ತದೆ. ಬರೆಯುವ ಕೈಯೂ ಅದೇ. ಇನ್ನೊಂದು ದೊಡ್ಡ ಪೆಟ್ಟು ಬಿದ್ದರೆ ಕೈ ಮರಳಿ ಬರಲಿಕ್ಕಿಲ್ಲ ಎಂದರು ಡಾಕ್ಟರು. ಇನ್ನೊಂದು ವರ್ಷ ಆಡು ಎನ್ನುತ್ತದೆ ಕ್ಲಬ್ಬು. ಎದುರಾಳಿಗೆ ಡಿಕ್ಕಿ ಹೊಡೆದು ತಡೆಯುವ ನಮ್ಮಂಥ ಲೈನ್‌ಬ್ಯಾಕರುಗಳೆಲ್ಲ ಇದನ್ನು ಮುಚ್ಚಿಡುವವರೇ. ಗ್ಲೌಸು ಸರಿಮಾಡಿಕೊಳ್ಳುವ ನೆಪದಲ್ಲಿ ಕೈ ಕೊಡವಿಕೊಳ್ಳುತ್ತೇವೆ. ನಾನೂ ಹಾಗೆಯೇ ಮಾಡಿದೆ. ಯಾರೂ ನೋಡಲಿಲ್ಲ ಎಂದುಕೊಂಡಿದ್ದೆ.

ನೀನು ಶಾಲೆಯ ತಂಡದಲ್ಲಿ, ನಮ್ಮಂಥವರನ್ನು ತಳ್ಳಿ ಚೆಂಡಿಗೆ ದಾರಿ ಮಾಡಿಕೊಡುವ ಗಾರ್ಡ್ ಆಗಿದ್ದಾಗ, ಹಿತ್ತಲಿನಲ್ಲಿ ಕೈ ನೆಲಕ್ಕೂರಿ ಬಗ್ಗಿ ನಿಂತು ಬೈದು ಕಲಿಸಿದ್ದು ನೆನಪಿದೆಯೇ? “ಚೆಂಡು ನೋಡ್ಬೇಡ್ವೋ ಪೆದ್ದ, ನನ್ ಬೆರಳು ನೋಡು. ಮಣ್ಣಲ್ಲಿ ಹೂತಿದ್ರೆ ನಿನ್ ಮೇಲೇ ಬರ್ತೀನಿ. ಹಗುರಾಗಿದ್ರೆ ಹಿಂದಕ್ಕೆ ಸರೀತೀನಿ.” ಹನ್ನೊಂದು ವರ್ಷ ಆ ಒಂದು ಮಾತಿನ ಮೇಲೆ ಆಡಿದೆ, ಅಣ್ಣಾ.

ಕಳೆದ ಭಾನುವಾರದ ಆಟದ ಕೊನೆಯ ಹತ್ತು ನಿಮಿಷದಲ್ಲಿ ಎದುರು ತಂಡದ ಗಾರ್ಡ್ ಸೆಫೋ ಕೈಯೂರಿ ಬಗ್ಗಿ ನಿಂತ. ಬೆರಳು ಮಣ್ಣಲ್ಲಿ ಹೂತಿತ್ತು. ಬರುತ್ತಾನೆಂದು ಗೊತ್ತಾಗಿ ಮುನ್ನುಗ್ಗಿದೆ, ಆದರೆ ಎಡಗೈ ಏಳಲಿಲ್ಲ. ಅವನ ಭುಜ ನೇರ ನನ್ನ ಕತ್ತಿಗೇ ಬರುತ್ತಿತ್ತು. ಕಡೆಯ ಗಳಿಗೆಯಲ್ಲಿ ಅವನೇ ಭುಜ ತಿರುಗಿಸಿ, ಎರಡೂ ಅಂಗೈಯಿಂದ ಪರದೆ ಸರಿಸಿದಂತೆ ನನ್ನನ್ನು ಪಕ್ಕಕ್ಕೆ ತಳ್ಳಿ ಹೋದ.

ಆಟ ಮುಗಿದ ಮೇಲೆ ಹುಡುಕಿಕೊಂಡು ಬಂದ. “ಎಡಗೈ ಹೋಗಿದೆ ಅಲ್ವಾ ಗುರು? ಗ್ಲೌಸ್ ಸರಿಯಾಗೇ ಇತ್ತು, ನೀನು ಸರಿ ಮಾಡ್ತಾನೇ ಇದ್ದೆ” ಎಂದ. ಮತ್ತೇಕೆ ಹೊಡೆಯಲಿಲ್ಲ ಎಂದು ಕೇಳಿದೆ. “ನನ್ ತಮ್ಮನೂ ಲೈನ್‌ಬ್ಯಾಕರೇ ಆಗಿದ್ದ. ಈಗ ಅವನ ಶರ್ಟಿನ ಗುಂಡಿ ನಮ್ಮಮ್ಮ ಹಾಕ್ತಾಳೆ. ಮನೆಗೆ ಹೋಗು ಮಾರಾಯ” ಎಂದು ಬೆನ್ನು ತಟ್ಟಿದ.

ಆಟ ಕಲಿಸಿದ ಗಾರ್ಡ್ ನೀನು, ಕೈ ಉಳಿಸಿದ ಗಾರ್ಡ್ ಅವನು. ಇಬ್ಬರಿಗೂ ನಾನು ಋಣಿ. ಅಮ್ಮನ ಆಶೀರ್ವಾದ, ಕ್ಲೋಡೆಟ್‌ಳ ನಮಸ್ಕಾರ ನಿನಗೆ. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೋ.

ನಿನ್ನ ತಮ್ಮ,
ಎಮಿಲ್

ಮರೆತ ಮಾತು: ಈ ಸಾಲುಗಳು ನನ್ನ ಎಡಗೈಯವೇ, ಅದಕ್ಕೇ ಇಷ್ಟು ಸೊಟ್ಟ. ಇನ್ನು ಆಡುವುದಿಲ್ಲ ಎಂದು ಕ್ಲಬ್ಬಿಗೆ ಬೆಳಿಗ್ಗೆ ಹೇಳಿಬಿಟ್ಟೆ. ಅಮ್ಮ ‘ಸದ್ಯ’ ಎಂದಷ್ಟೇ ಹೇಳಿ ಇನ್ನೊಂದು ಸೌಟು ಬಡಿಸಿದಳು. ರಜಕ್ಕೆ ಬಂದಾಗ ಹಿತ್ತಲಿನಲ್ಲಿ ಚೆಂಡು ಎಸೆ, ಬಲಗೈಯಲ್ಲಿ ಹಿಡಿಯಲು ಕಲಿಯುತ್ತೇನೆ. ಮೊದಮೊದಲು ಮೆಲ್ಲಗೆ ಎಸೆ.