ಹಿನ್ನೀರಿನಿಂದ ಎದ್ದ ಗುಡಿ

ಆಲಮಟ್ಟಿ, ಸೋಮವಾರ

ಹಿಪ್ಪರಗಿಯ ಕಾಕಾನಿಗೆ ನಮಸ್ಕಾರ.

ಇಲ್ಲಿ ಹಿನ್ನೀರು ಇಳಿದು, ಮುಳುಗಿದ್ದ ಊರಿನ ಗುಡಿಯೊಂದು ಹೊಸ್ತಿಲವರೆಗೆ ಎದ್ದು ನಿಂತಿದೆ. ಬಾಗಿಲಿಗೆ ಮೀನಿನ ಬಲೆ ಒಣಹಾಕಿದ್ದಾರೆ. "ಗುಡಿ ವರ್ಷಾ ಏಳತೈತಿ, ವರ್ಷಾ ಮುಳಗತೈತಿ. ಇದೂ ಕಾಲಚಕ್ರ ಏನ್ ಯವ್ವಾ?" ಎಂದು ಬಲೆಯ ಒಡತಿ ದುರ್ಗವ್ವನನ್ನು ಕೇಳಿದೆ. "ಮಳಿ ದೇವರದು. ಡ್ಯಾಮಿನ ಗೇಟ್ ಹಾಕಾವ ಮನಷ್ಯಾ ಅಲ್ಲೇನ, ಹುಚ್ಚಿ?" ಎಂದು ನಕ್ಕಳು.

ಹವಾಮಾನ ಕೆಡುವುದೂ ಕಾಲಚಕ್ರ ಎನ್ನುತ್ತೀರಲ್ಲ, ಕಾಕಾ, ಅದಕ್ಕೆ ಇದೇ ಉತ್ತರ. ಮಳೆ, ಬೇಸಿಗೆ ತಿರುಗುವುದು ನಿಜ. ಆದರೆ ಏರುತ್ತಲೇ ಇರುವ ಈ ಕಾವು ನಾವು ಬಿಟ್ಟ ಹೊಗೆಯದು. ಕಟಾವಾದ ಮೇಲೆ ಉಳಿದ ಕಬ್ಬಿನ ರವದಿ, ಆ ಒಣಗರಿ ಸುಡಬೇಡಿ. ಶುಕ್ರವಾರ ಬಂದು ನಾನೇ ಅದನ್ನು ಸಾಲುಗಳಲ್ಲಿ ಹರಡುತ್ತೇನೆ. ಹೋದ ಸಲದ ರವದಿ ಹೊಗೆಗೆ ಹತ್ತಿದ ನನ್ನ ಕೆಮ್ಮು ನಿಂತಿದೆ. ಹೊಲದ ಗುಡಿಸಲಿನಲ್ಲಿ ಕಡ್ಡಿಪೆಟ್ಟಿಗೆ ಹುಡುಕಬೇಡಿ, ಅದು ನನ್ನ ಚೀಲದಲ್ಲಿದೆ.

ದಾನೇಶ್ವರಿ