ಸೂರಿನ ನೀರನ್ನು ಕಸಿಯಬೇಡಿ

ಪರಂಪರೆ ರಕ್ಷಣಾ ಕಚೇರಿಯ ಮುಖ್ಯಾಧಿಕಾರಿಗಳೇ,

ಇಂಗ್ಲೆಂಡನ್ನು ಸ್ಯಾಕ್ಸನರು ಆಳುತ್ತಿದ್ದ ಕಾಲದ, ನಮ್ಮೂರಿನ ಚರ್ಚಿನ ಅಡಿಪಾಯಕ್ಕೆ ನೀವು ಗಾಜಿನ ಚಾವಣಿ ಹೊದಿಸುತ್ತಿದ್ದೀರಿ. ಅಲ್ಲಿ ಮಣ್ಣಿನಡಿ ಮಲಗಿರುವ ಹಸುಗೂಸುಗಳ ಮೇಲೆ ಇನ್ನು ಮಳೆ ಬೀಳುವುದಿಲ್ಲ. ನನ್ನ ತಕರಾರು ಇಷ್ಟೇ. ಕಾಪಾಡಿದವರ ಮೇಲೇ ಜಗಳಕ್ಕೆ ಬಂದಳಲ್ಲ ಎಂದು ನಗಬೇಡಿ.

ನೀವೇ ನೆಟ್ಟ ಫಲಕವನ್ನು ಒಮ್ಮೆಯಾದರೂ ಓದಿದ್ದೀರಾ? ಸಾವಿರ ವರ್ಷಗಳ ಹಿಂದೆ, ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡ ಕೂಸುಗಳನ್ನು ಹೊರಗೋಡೆಗೆ ಒತ್ತಿ, ಸೂರಿನ ಅಂಚಿನಡಿಯಲ್ಲಿ ಹೂಳುತ್ತಿದ್ದರಂತೆ. ಚರ್ಚಿನ ಚಾವಣಿ ತೊಳೆದು ಬಂದ ನೀರು ಅವುಗಳ ಮೇಲೆ ಬಿದ್ದು, ಪಾದ್ರಿ ಕೊಡದೆ ಹೋದ ದೀಕ್ಷೆಯನ್ನು ಕೊಡುತ್ತದೆಂದು ನಂಬಿದ್ದಿರಬಹುದು ಎಂದು ನಿಮ್ಮ ವಿದ್ವಾಂಸರೇ ಬರೆದಿದ್ದಾರೆ. ಚರ್ಚು ಬಿದ್ದುಹೋಯಿತು, ಮಳೆ ಮಾತ್ರ ತಪ್ಪದೆ ಬಂತು. ಮೂಳೆಗಳು ನೆನೆಯುತ್ತಿರುವುದು ನಿಮಗೆ ಈಗ ಕಂಡಿತೇ? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಅದೂ ಸಾಲದೆಂದು, ಚಾವಣಿಯ ನೀರನ್ನು ಕೊಳವೆಯಲ್ಲಿ ಹಿಡಿದು ಪ್ರವಾಸಿಗರ ಶೌಚಾಲಯಕ್ಕೆ ಬಿಡುತ್ತೀರಂತೆ. ಎಂಥ ಮಿತವ್ಯಯ!

ನನ್ನ ತಾಯಿ ಐವಿಯ ಚೊಚ್ಚಲ ಮಗು ಸತ್ತೇ ಹುಟ್ಟಿತು. ದಾದಿ ಅದನ್ನು ಟವೆಲಿನಲ್ಲಿ ಸುತ್ತಿ ಒಯ್ದಳು. ಎಲ್ಲಿ ಹೂತರೆಂದು ಯಾರೂ ಹೇಳಲಿಲ್ಲ. ಅಂದಿನ ಪಾದ್ರಿ, "ದೀಕ್ಷೆ ಆಗದ ಕೂಸಿಗೆ ಹೆಸರಿಡೋ ಹಾಗಿಲ್ಲಮ್ಮ, ಮರೆತ್ಬಿಡು" ಅಂದರಂತೆ. ಅವಳು ಜೀವಮಾನವಿಡೀ ಮರೆತವಳಂತೆ ನಟಿಸಿದಳು. ಉತ್ಖನನ ಮಾಡಿದವರು ಆ ಕೂಸುಗಳನ್ನು ಕಂಡು, ಅಳತೆ ತೆಗೆದು, ಮತ್ತೆ ಮಣ್ಣು ಮುಚ್ಚಿದ ದಿನ ಅಮ್ಮ ಆ ಗೋಡೆಯ ಬಳಿ ನಿಂತು, ತನ್ನ ಕೂಸೂ ಅಲ್ಲೇ ಮಲಗಿದೆಯೆಂಬಂತೆ, "ವಿಲ್ಫ್ರೆಡ್" ಎಂದು ಕರೆದಳು. ಅಣ್ಣನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಮಳೆ ಬಂದಾಗಲೆಲ್ಲ, ಕೊಡೆಯೂ ಇಲ್ಲದೆ, ಅಲ್ಲಿಗೇ ಹೋಗಿ ನಿಲ್ಲುತ್ತಿದ್ದಳು.

ಬೇಲಿ ಹಾಕಿದ ದಿನ ನಿಮ್ಮ ಎಂಜಿನಿಯರ್ ಅವಳಿಗೆ ಸಮಾಧಾನ ಹೇಳಿದ: "ಹೆದರ್ಬೇಡಿ ಅಜ್ಜಿ, ಇನ್ಮೇಲೆ ಒಂದ್ ಹನಿನೂ ಒಳಗ್ ಬರಲ್ಲ."

"ಆ ಹನಿಗೋಸ್ಕರಾನೇ ಕಣಪ್ಪ ಆ ಮಕ್ಕಳನ್ನ ಅಲ್ಲಿ ಮಲಗ್ಸಿರೋದು," ಎಂದಳು ಅಮ್ಮ. "ನಂಬಿಕೆ ಇಲ್ದಿದ್ರೆ ಹೋಗಿ ನಿಮ್ಮಮ್ಮನ್ನ ಕೇಳು."

ಪಾಪ, ಅವನು ಹೆಲ್ಮೆಟ್ ಸರಿಮಾಡಿಕೊಂಡು ಹೊರಟುಹೋದ.

ಚಾವಣಿಯೇ ಬೇಡ ಎನ್ನುತ್ತಿಲ್ಲ ನಾನು. ಅದರ ಅಂಚು ಹಳೆಯ ಗೋಡೆಯ ಸಾಲಿಗೇ ನಿಲ್ಲಲಿ. ಕೊಳವೆ ಬೇಡ, ನೀರು ಆ ಗೋರಿಗಳ ಮೇಲೆಯೇ ತೊಟ್ಟಿಕ್ಕಲಿ. ಅಂದು ಚರ್ಚಿಗೆ ಹುಲ್ಲಿನ ಚಾವಣಿ ಹೊದಿಸಿದವರಿಗೆ ತೋಚಿದ್ದು ನಿಮಗೆ ತೋಚದೇ?

ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಕಿಟಕಿಗೆ ಮಳೆ ಬಡಿದಾಗಲೆಲ್ಲ ಒಂದೇ ಮಾತು: "ಡೋರೀನ್, ಅವನ ಮೇಲೂ ಬೀಳ್ತಿದ್ಯೇನೇ?" ನಾನು ಎದ್ದು ಕಿಟಕಿಯ ಪರದೆ ಎಳೆಯುತ್ತೇನೆ. ಕೊಳವೆ ಕೀಳಿಸಿ. ಇಲ್ಲವಾದರೆ ನೀವೇ ಬಂದು, ಅವಳ ಮುಖ ನೋಡಿ, ಇಲ್ಲ ಎಂದು ಹೇಳಿ.

ಇಂತಿ,
ದೀಕ್ಷೆ ಸಿಗದವನ ತಂಗಿ,
ಡೋರೀನ್ ಥ್ರಸೆಲ್